ಓದಿನ ಡೈರಿ, ಪ್ರಬಂಧ, ಪಾಡ್‌ಕಾಸ್ಟ್: ಯಾವ ಅಸೈನ್‌ಮೆಂಟ್ ಆರಿಸಿಕೊಳ್ಳೋದು?

ಇಂಗ್ಲಿಷ್ ಕ್ಲಾಸ್‌ನಲ್ಲಿ ಒಂದೇ ಕಾದಂಬರಿಗೆ ಈ ಮೂರರಲ್ಲಿ ಒಂದು ಮಾಡಿ ಅಂದರೆ, ಹೆಚ್ಚಿನವರ ಕಣ್ಣು ಪಾಡ್‌ಕಾಸ್ಟ್ ಮೇಲೆ ಬೀಳುತ್ತದೆ. ಬರೆಯೋದು ಕಡಿಮೆ ಅಂತ. ಲೆಕ್ಕ ಹಾಕಿ ನೋಡಿ. ಇಂಗ್ಲಿಷ್‌ನಲ್ಲಿ ಆರಾಮಾಗಿ ಮಾತಾಡಿದರೆ ನಿಮಿಷಕ್ಕೆ 130ರಿಂದ 150 ಪದ. ಮೂರು ನಿಮಿಷಕ್ಕೆ ಸುಮಾರು 400 ಪದ. ಅದೇ ಒಂದು ಸಣ್ಣ ಪ್ರಬಂಧ ಆಯ್ತು, ಅಲ್ವಾ? ರೆಕಾರ್ಡಿಂಗ್, ಎಡಿಟಿಂಗ್ ಬೇರೆ. ಆದರೆ ಜೋರಾಗಿ ಓದುವಾಗ ತೊಡಕು ವಾಕ್ಯ ತಾನಾಗೇ ಗೊತ್ತಾಗುತ್ತದೆ. ಉಚ್ಚಾರಣೆ ಸುಧಾರಿಸಬೇಕು ಅನ್ನೋರಿಗೆ ಇದೇ ಸರಿ.

ಪ್ರಬಂಧದಲ್ಲಿ ಒಂದು ವಾದ ಹಿಡಿದು ಕೊನೆವರೆಗೂ ನಿಲ್ಲಬೇಕು. ‘ನಾಯಕ ಒಳ್ಳೆಯವನು’ ಅನ್ನೋದು ವಾದವಲ್ಲ. ‘ತಮ್ಮನನ್ನು ಉಳಿಸಲು ನಾಯಕ ಹೇಳಿದ ಸುಳ್ಳೇ ಇಬ್ಬರನ್ನೂ ದೂರ ಮಾಡಿತು’ ಅಂದರೆ ವಾದ. ಅದನ್ನು ತೋರಿಸಲು ಮತ್ತೆ ಪುಸ್ತಕ ತೆರೆಯಲೇಬೇಕು. ಪರೀಕ್ಷೆಯಲ್ಲಿ ದೊಡ್ಡ ಉತ್ತರ ಬರೆಯುವುದಿದ್ದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ.

ಡೈರಿಯನ್ನು ಸುಮ್ನೆ ಕೆಲವರು ಕಡೆಗಣಿಸುತ್ತಾರೆ, ನನಗೆ ಬೇಜಾರಾಗುತ್ತದೆ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಪುಸ್ತಕದ ಸಾಲು, ಪುಟಸಂಖ್ಯೆ. ಬಲಕ್ಕೆ ನಿಮಗೆ ಅನ್ನಿಸಿದ್ದು. ‘ಇವಳು ಯಾಕೆ ಬಾಗಿಲು ತೆಗೆಯಲಿಲ್ಲ?’ ಅನ್ನೋ ಒಂದು ಪ್ರಶ್ನೆಯೂ ನಡೆಯುತ್ತದೆ. ಇಂಗ್ಲಿಷ್ ಇನ್ನೂ ಕಷ್ಟ ಅನ್ನೋರಿಗೆ ನಾನು ಹೇಳೋದು ಇದನ್ನೇ, ದಿನಕ್ಕೆ ಎರಡು ಸಾಲು ಸಾಕು. ಆದರೆ ಓದುವಾಗಲೇ ಬರೆಯಿರಿ. ಹಿಂದಿನ ರಾತ್ರಿ ಕೂತು ತುಂಬಿಸಿದ್ದು ಟೀಚರ್‌ಗೆ ಗೊತ್ತಾಗಿಬಿಡುತ್ತದೆ.