ಪರ್ಕಿನ್ಸ್ ಬ್ರೈಲರ್: ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಓಡಾಡಿದ ಟೀಚರ್ ಬರೆದದ್ದು

ಮೊದಲು ತೂಕದ ಮಾತು. ಕಣ್ಣು ಕಾಣದವರು ಸವರಿ ಓದುವ ಉಬ್ಬು ಚುಕ್ಕೆಗಳ ಲಿಪಿಯನ್ನು, ಅಂದರೆ ಬ್ರೈಲ್ ಅನ್ನು, ಬರೆಯುವ ಈ ಯಂತ್ರ ಹತ್ತಿರ ಹತ್ತಿರ 5 ಕಿಲೋ ಇದೆ. ಹಿರಿಯೂರಿನಿಂದ ಹಳ್ಳಿ ಬಸ್ಸು ಹತ್ತಿ, ಇಳಿದ ಮೇಲೆ ಅರ್ಧ ಗಂಟೆ ನಡೆದರೆ ಭುಜ ಹಿಡಿದುಕೊಳ್ಳುತ್ತದೆ. ಆದರೂ 12 ವರ್ಷದಿಂದ ಇದನ್ನು ಬಿಟ್ಟಿಲ್ಲ.

ನಾನು ಬಿಐಇಆರ್‌ಟಿ, ಅಂದರೆ ಅಂಗವಿಕಲ ಮಕ್ಕಳಿಗೆ ಕಲಿಸುವ ತಾಲ್ಲೂಕು ಮಟ್ಟದ ಟೀಚರ್. ಬಿಆರ್‌ಸಿಯಿಂದ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಶಾಲೆಗಳಿಗೆ, ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೆ ಹೋಗಿ ಕಲಿಸುವುದು ನಮ್ಮ ಕೆಲಸ. ಒಂದು ಮಗುವಿಗೆ ನಾನು ಸಿಗುವುದು ವಾರಕ್ಕೆ ಒಂದು ದಿನ. ಅದೂ ಮೀಟಿಂಗ್ ಇಲ್ಲದಿದ್ದರೆ. ಉಳಿದ ಆರು ದಿನ ಆ ಮಗು ಏನು ಮಾಡಬೇಕು? ಈ ಯಂತ್ರದ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಆ ಪ್ರಶ್ನೆಯಿಂದ.

ಬ್ರೈಲ್ ಸ್ಲೇಟ್ ಅಂದರೆ ಕಾಗದ ಸಿಕ್ಕಿಸುವ ಕಿಂಡಿಗಳ ಚೌಕಟ್ಟು. ಅದರಲ್ಲಿ ಸ್ಟೈಲಸ್ ಅನ್ನುವ ಚುಚ್ಚುಮೊಳೆ ಹಿಡಿದು ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು. ಚುಕ್ಕೆ ಏಳುವುದು ಕಾಗದದ ಹಿಂಬದಿಯಲ್ಲಿ. ಓದಬೇಕಾದರೆ ಹಾಳೆ ಬಿಚ್ಚಿ ತಿರುಗಿಸಬೇಕು. ಏಳೆಂಟು ವರ್ಷದ ಮಗು ಒಂದು ಸಾಲು ಬರೆಯುವ ಹೊತ್ತಿಗೆ ಮೊದಲ ಪದ ಯಾವುದೆಂದು ಮರೆತಿರುತ್ತದೆ. ಬ್ರೈಲರ್‌ನಲ್ಲಿ ಹಾಗಲ್ಲ. ಬ್ರೈಲ್‌ನ ಒಂದೊಂದು ಮನೆಯಲ್ಲಿ ಆರು ಚುಕ್ಕೆಗಳ ಜಾಗ. ಎಡಗೈಯ ಮೂರು ಬೆರಳಿಗೆ 1, 2, 3ನೇ ಚುಕ್ಕೆಗಳು, ಬಲಗೈಗೆ 4, 5, 6. ಮಧ್ಯೆ ಜಾಗ ಬಿಡುವ ಕೀಲಿ. ಒತ್ತಿದ ಕೂಡಲೇ ಚುಕ್ಕೆ ಮೇಲ್ಬದಿಗೇ ಏಳುತ್ತದೆ. ಕೈ ಚಾಚಿ ಸವರಿದರೆ ತಾನು ಬರೆದದ್ದು ಸಿಗುತ್ತದೆ. ತಪ್ಪಾಗಿದ್ದರೆ ಆಗಲೇ ಗೊತ್ತಾಗುತ್ತದೆ. ಟೀಚರ್ ಬರುವ ತನಕ ಕಾಯಬೇಕಿಲ್ಲ.

ಬೆರಳಿನ ಬಲದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಕೀಲಿಗಳು ಗಟ್ಟಿ. ನನ್ನ ಒಬ್ಬ ಹುಡುಗಿಗೆ ಮೊದಲ ದಿನ 'ಕಮಲ' ಹೇಳಿಕೊಟ್ಟೆ. ಮೂರೇ ಅಕ್ಷರ, ಸುಲಭ ಅಂದುಕೊಂಡೆ. ಆದರೆ ಕ, ಮ, ಲ ಮೂರರಲ್ಲೂ 3ನೇ ಚುಕ್ಕೆ ಇದೆ. ಅದನ್ನು ಒತ್ತುವುದು ಎಡಗೈಯ ಉಂಗುರ ಬೆರಳು. ಅವಳ ಆ ಬೆರಳಿಗೆ ಕೀಲಿ ಬಗ್ಗಲೇ ಇಲ್ಲ. ಅತ್ತುಬಿಟ್ಟಳು. ತಪ್ಪು ನನ್ನದು.

ಮುಂದಿನ ವಾರ 'ಅಜ್ಜಿ' ತೆಗೆದುಕೊಂಡೆ. ಅವಳನ್ನು ಸಾಕುತ್ತಿರುವುದು ಅಜ್ಜಿಯೇ. ಬ್ರೈಲ್‌ನಲ್ಲಿ ಮೊದಲು ಅ, ಒತ್ತಕ್ಷರಕ್ಕೆ ಗುರುತಾಗಿ 4ನೇ ಚುಕ್ಕೆ, ಆಮೇಲೆ ಎರಡು ಜ, ಕೊನೆಗೆ ಇ. ಐದು ಮನೆ ಆಯಿತು. ಒಂದರಲ್ಲೂ 3ನೇ ಚುಕ್ಕೆ ಬರುವುದಿಲ್ಲ. ಒಂದೇ ಸಲಕ್ಕೆ ಬರೆದಳು. ಸವರಿ ನೋಡಿದಳು. ಅಜ್ಜಿಯ ಕೈ ಎಳೆದು ಆ ಚುಕ್ಕೆಗಳ ಮೇಲೆ ಇಟ್ಟಳು. ಆಮೇಲೆ ಅಜ್ಜಿಗೆ ಹೇಳಿಬಂದೆ, ಇವಳ ಕೈಲಿ ದಿನಾ ಒಂದು ಬೊಗಸೆ ಕಡಲೆಕಾಯಿ ಸುಲಿಸಿ ಅಂತ. ಎರಡು ತಿಂಗಳಲ್ಲಿ 'ಕಮಲ' ಕೂಡ ಬಂತು.

ಇದನ್ನು ರೂಪಿಸಿದ್ದು ಅಮೆರಿಕದ ಪರ್ಕಿನ್ಸ್ ಅಂಧರ ಶಾಲೆಯ ಮರಗೆಲಸದ ಮೇಷ್ಟ್ರು ಡೇವಿಡ್ ಅಬ್ರಹಾಂ. ಮಾರಾಟಕ್ಕೆ ಬಂದದ್ದು 1951ರಲ್ಲಿ. ಭಾರತದ ಭಾಷೆಗಳಿಗೆ ಬಳಸುವ ನಮ್ಮ ಭಾರತಿ ಬ್ರೈಲ್ ಒಪ್ಪಿಗೆಯಾದದ್ದೂ ಅದೇ ವರ್ಷ. ಕಣ್ಣು ಕಾಣದ, ಕಿವಿ ಕೇಳದ ಹೆಲನ್ ಕೆಲರ್ ಅವರ ಟೀಚರ್ ಆನ್ ಸಲಿವನ್ ಓದಿದ್ದೂ ಪರ್ಕಿನ್ಸ್‌ನಲ್ಲೇ. 1887ರ ಮಾರ್ಚ್‌ನಲ್ಲಿ, 20ನೇ ವಯಸ್ಸಿನಲ್ಲಿ ಆಕೆ ಹೆಲನ್ ಮನೆಗೆ ಬಂದರು. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಕಲಿಸಿದರು. ಕಾಲೇಜಿನ ಪಾಠಗಳನ್ನೂ ಪಕ್ಕದಲ್ಲಿ ಕೂತು ಹಾಗೇ ದಾಟಿಸಿದರು. ಆನ್ ಅವರ ಕಣ್ಣೇ ಸರಿಯಿರಲಿಲ್ಲ. 1936ರಲ್ಲಿ ತೀರಿಕೊಳ್ಳುವವರೆಗೆ, 49 ವರ್ಷ, ಒಬ್ಬ ಶಿಷ್ಯೆಯ ಜೊತೆಗಿದ್ದರು. ತರಬೇತಿಯಲ್ಲಿ ಇದನ್ನು ಓದಿದಾಗ ನಾನೂ ಹಾಗಿರಬೇಕು ಅನ್ನಿಸಿತ್ತು. ಈಗ ಬೇರೆ ಬೇರೆ ಊರಿನಲ್ಲಿ ಅಷ್ಟೊಂದು ಮಕ್ಕಳಿದ್ದಾರೆ, ಯಾರ ಪಕ್ಕದಲ್ಲೂ ದಿನವಿಡೀ ಕೂರಲಾಗುವುದಿಲ್ಲ. ಅದಕ್ಕೇ ಯಂತ್ರವನ್ನು ಸರದಿ ಮೇಲೆ ಮನೆಗಳಲ್ಲಿ ಬಿಟ್ಟು ಬರುತ್ತೇನೆ.

ಕೊರತೆಗಳೂ ಇವೆ. ಬೆಲೆ ಹತ್ತಾರು ಸಾವಿರ, ಕೂಲಿ ಮಾಡುವ ಮನೆಯವರಿಗೆ ಆಗದ ಮಾತು. ತರಗತಿಯಲ್ಲಿ ಟಕ್ ಟಕ್ ಸದ್ದು ಜಾಸ್ತಿ. ನಮ್ಮ ಕಡೆಯ ಧೂಳು ಇದಕ್ಕೆ ಆಗದು, ಬಟ್ಟೆ ಮುಚ್ಚಿಡಲೇಬೇಕು. ಒಮ್ಮೆ ಒಂದು ಕಡೆ ರಿಪೇರಿಗೆ ಕೊಟ್ಟು ನಾಲ್ಕು ತಿಂಗಳು ಕಾದೆ. ಆ ನಾಲ್ಕು ತಿಂಗಳು ಹುಡುಗಿ ಮತ್ತೆ ಸ್ಲೇಟಿಗೆ ಹೋದಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇವನ್ನು ನಮ್ಮಲ್ಲೇ, ವೆಲ್ಲೂರು ಹತ್ತಿರದ ಕಾಟ್ಪಾಡಿಯ ವರ್ತ್ ಟ್ರಸ್ಟ್‌ನಲ್ಲಿ ಜೋಡಿಸುತ್ತಾರೆ. ಅಲ್ಲಿ ಕೆಲಸ ಮಾಡುವವರಲ್ಲೂ ಅಂಗವಿಕಲರಿದ್ದಾರೆ.

ಮಾತಾಡುವ ಫೋನ್ ಇರುವಾಗ ಇದ್ಯಾಕೆ ಅಂತ ಕೇಳುತ್ತಾರೆ. ಫೋನ್ ಬೇಕು, ನಾನೂ ಕಲಿಸುತ್ತೇನೆ. ಆದರೆ ಬರೀ ಕೇಳಿ ಕಲಿತ ಮಗುವಿಗೆ 'ಅಜ್ಜಿ'ಯಲ್ಲಿ ಎರಡು ಜ ಇದೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಕೊನೆಗೆ ಕಾಗದ. ತೆಳು ಹಾಳೆಯಲ್ಲಿ ಚುಕ್ಕೆ ಬೇಗ ಕೂತುಹೋಗುತ್ತದೆ. ಬ್ರೈಲ್ ಕಾಗದ ಮುಗಿದಾಗ ನಾನು ದಪ್ಪ ಕ್ಯಾಲೆಂಡರ್ ಹಾಳೆಗಳನ್ನು 11 ಇಂಚು ಅಗಲಕ್ಕೆ ಕತ್ತರಿಸಿ ಕೊಡುತ್ತೇನೆ. ಎರಡೂ ಕಡೆ ಅಚ್ಚಾಗಿದ್ದರೂ ಪರವಾಗಿಲ್ಲ. ವರ್ಷ ಮುಗಿದ ಮೇಲೆ ಸುಮ್ನೆ ಬಿಸಾಡಬೇಡಿ. ಸುರುಳಿ ಸುತ್ತದೆ, ಮಡಚದೆ, ನಿಮ್ಮ ತಾಲ್ಲೂಕಿನ ಬಿಆರ್‌ಸಿಗೆ ತಂದು ಕೊಡಿ.