ಜಯನಗರದ ಒಂದು ಜನೌಷಧಿ ಕೇಂದ್ರ: ಅಗ್ಗದ ಮಾತ್ರೆಯ ಬಗೆಗಿನ ಅವಸರದ ತೀರ್ಮಾನಗಳು

ಮನೆಯ ಹಿರಿಯರಿಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಾನು ಜಯನಗರದ ಜನೌಷಧಿ ಕೇಂದ್ರವೊಂದರಿಂದ ತರುತ್ತೇನೆ. ಅಂಗಡಿ ಚಿಕ್ಕದು, ಸಂಜೆ ಜನ ಹೆಚ್ಚು. ಇಷ್ಟು ಕಡಿಮೆ ಬೆಲೆಗೆ ಕೊಡುವ ಮಾತ್ರೆಯಲ್ಲಿ ಏನೋ ಕೊರತೆ ಇರಲೇಬೇಕೆಂದು, ಅದರ ಮೇಲೆ ಬರೆದಿರುವುದನ್ನು ಓದದೆಯೇ ಹಿಂದಿರುಗುವವರನ್ನು ಅಲ್ಲಿ ಆಗಾಗ ಕಾಣುತ್ತೇನೆ. ನನಗೆ ನಿಜಕ್ಕೂ ಬೇಸರವಾಗುತ್ತದೆ.

2008ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಜನೌಷಧಿ ಯೋಜನೆಯಲ್ಲಿ ಔಷಧದ ಬೆಲೆಯನ್ನು ಮಾರುಕಟ್ಟೆಯ ಮೂರು ಪ್ರಮುಖ ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧವನ್ನು ಮೀರದಂತೆ ನಿಗದಿಪಡಿಸುತ್ತಾರೆ. ಬ್ರ್ಯಾಂಡಿನ ಪ್ರಚಾರಕ್ಕೂ ವೈದ್ಯರಲ್ಲಿಗೆ ಪ್ರತಿನಿಧಿಗಳನ್ನು ಕಳುಹಿಸುವುದಕ್ಕೂ ಆಗುವ ಖರ್ಚು ಇಲ್ಲದಿರುವುದರಿಂದ ಇದು ಸಾಧ್ಯವಾಗುತ್ತದೆ. ಪ್ರತಿ ಬ್ಯಾಚನ್ನೂ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಬಳಿಕವೇ ಕೇಂದ್ರಗಳಿಗೆ ಕಳುಹಿಸುವುದು ಯೋಜನೆಯ ನಿಯಮ.

ಬೆಲೆಯ ಬಗೆಗಿನ ಅನುಮಾನದಿಂದ ಹಣ ಮಾತ್ರ ಹೋಗುತ್ತದೆ. ಹೆಸರಿನ ಬಗೆಗಿನ ಊಹೆ ಆರೋಗ್ಯಕ್ಕೇ ಕುತ್ತು ತರಬಲ್ಲದು. ಹಳೆಯ ಸ್ಟ್ರಿಪ್ಪನ್ನು ನಾವು ಗುರುತಿಸುವುದು ಕಂಪನಿ ಇಟ್ಟ ಬ್ರ್ಯಾಂಡ್ ಹೆಸರಿನಿಂದ; ಅದರಲ್ಲಿರುವ, ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್ ಎಂಬ ಔಷಧದ ಹೆಸರನ್ನು ಅಷ್ಟಾಗಿ ಗಮನಿಸುವುದಿಲ್ಲ. ಇಲ್ಲಿಂದ ತಂದದ್ದರ ಮೇಲೆ ಔಷಧದ ಹೆಸರೇ ಎದ್ದು ಕಾಣುತ್ತದೆ, ಮಾತ್ರೆಯ ಬಣ್ಣವೂ ಬೇರೆಯಿರಬಹುದು. ಇವೆರಡೂ ಬೇರೆ ಬೇರೆ ಔಷಧಗಳೆಂದು ತಿಳಿದು ಎರಡನ್ನೂ ನುಂಗಿದರೆ ರಕ್ತದಲ್ಲಿನ ಸಕ್ಕರೆಯ ಪ್ರಮಾಣ ಅಪಾಯದ ಮಟ್ಟಕ್ಕೆ ಇಳಿಯಬಹುದು. ಈ ಅಂಗಡಿಯ ಫಾರ್ಮಸಿಸ್ಟ್ ಬಗ್ಗೆ ನನಗೆ ಗೌರವ ಮೂಡಿದ್ದು ಇದೇ ಕಾರಣಕ್ಕೆ. ಸರದಿ ಎಷ್ಟೇ ಉದ್ದವಿದ್ದರೂ ಅವರು ಹಳೆಯ ಸ್ಟ್ರಿಪ್ಪನ್ನು ಕೇಳಿ ಪಡೆದು, ಎರಡನ್ನೂ ಅಕ್ಕಪಕ್ಕ ಹಿಡಿದು, "ಅಮ್ಮಾ, ಹೆಸರು ಬೇರೆ, ಔಷಧಿ ಅದೇ. ಅದು ಮುಗಿದ ಮೇಲೆ ಇದನ್ನು ಶುರುಮಾಡಿ, ಎರಡನ್ನೂ ಸೇರಿಸಿ ತಗೋಬೇಡಿ" ಎಂದು ತಿಳಿಸಿ, ದಿನಕ್ಕೆ ಎಷ್ಟು ಬಾರಿ ಎಂಬುದನ್ನು ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಡುತ್ತಾರೆ. ದೊಡ್ಡ ಔಷಧಿ ಅಂಗಡಿಗಳಲ್ಲಿ ಇಷ್ಟು ವ್ಯವಧಾನವನ್ನು ನಾನು ಕಂಡದ್ದು ಕಡಿಮೆ.

ಹಾಗೆಂದು ಎಲ್ಲವನ್ನೂ ಇಲ್ಲಿಗೇ ಬದಲಾಯಿಸಬಹುದೆಂದು ಭಾವಿಸುವುದೂ ಆತುರವೇ. ವೈದ್ಯರು ಬರೆದ ಪ್ರತಿಯೊಂದು ಔಷಧವೂ ಯೋಜನೆಯ ಪಟ್ಟಿಯಲ್ಲಿರುವುದಿಲ್ಲ. ಥೈರಾಯ್ಡ್ ಮತ್ತು ಮೂರ್ಛೆರೋಗದ ಕೆಲವು ಮಾತ್ರೆಗಳಲ್ಲಿ ಪ್ರಮಾಣ ತುಸು ವ್ಯತ್ಯಾಸವಾದರೂ ಪರಿಣಾಮ ಬದಲಾಗುವುದರಿಂದ, ಅವುಗಳ ತಯಾರಕರನ್ನು ಬದಲಾಯಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಹೋಗುವವರು ವೈದ್ಯರ ಚೀಟಿಯ ಜೊತೆಗೆ ಈಗ ಸೇವಿಸುತ್ತಿರುವ ಮಾತ್ರೆಯ ಸ್ಟ್ರಿಪ್ಪನ್ನೂ ಒಯ್ಯಿರಿ. ಬೇಕಾದ ಔಷಧದ ಬೆಲೆಯನ್ನು 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಮೊದಲೇ ನೋಡಿಕೊಳ್ಳಬಹುದು.