ಮೆಣಸು ಇಳಿದು ಬಂದ ಹೊಳೆಯಲ್ಲಿ: ಹೊನ್ನಾವರದ ದೋಣಿವಿಹಾರ

ಶರಾವತಿ ಸಮುದ್ರ ಸೇರುವ ಹೊನ್ನಾವರದ ಅಳಿವೆಯ ಆಸುಪಾಸಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳು ಈಗ ಹಲವಿವೆ. ನಾವು ಕುಟುಂಬಸಮೇತ ಹತ್ತಿದ ದೋಣಿಯು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರಿದಾದ ನೀರುದಾರಿಗಳನ್ನು ಹೊಕ್ಕು, ತೆಂಗು ತುಂಬಿದ ಕುರ್ವೆಗಳ, ಅಂದರೆ ಹೊಳೆಯ ನಡುಗಡ್ಡೆಗಳ, ಅಂಚಿನಲ್ಲಿ ಸಾಗಿ, ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲ್ವೆ ಸೇತುವೆಯನ್ನು ತೋರಿಸಿ ದಂಡೆಗೆ ಮರಳಿತು. ಹತ್ತುವ ಮೊದಲೇ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದರು, ಹೇಳಿದ್ದಕ್ಕಿಂತ ಹೆಚ್ಚು ಜನರನ್ನು ತುಂಬಲಿಲ್ಲ, ಕಾಂಡ್ಲಾದೊಳಗೆ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿದರು. ದೋಣಿವಿಹಾರವಾಗಿ ಇದು ನಿಸ್ಸಂಶಯವಾಗಿ ಒಳ್ಳೆಯ ಸೇವೆ.

ಆದರೆ ಇಡೀ ಪ್ರಯಾಣದಲ್ಲಿ ಕೇಳಿಬಂದದ್ದು ಫೋಟೊ ತೆಗೆಯುವ ಜಾಗಗಳ ಹೆಸರು ಮಾತ್ರ. ಈ ಹೊಳೆ ಒಂದು ಕಾಲದಲ್ಲಿ ಕರಾವಳಿಯ ದೊಡ್ಡ ವ್ಯಾಪಾರದ ದಾರಿಯಾಗಿತ್ತು ಎಂಬುದರ ಸುಳಿವೂ ಪ್ರವಾಸಿಗೆ ಸಿಗುವುದಿಲ್ಲ. ನನ್ನ ಮುಖ್ಯ ಆಕ್ಷೇಪ ಇದೇ.

ಹೊನ್ನಾವರದಿಂದ ಸುಮಾರು 30 ಕಿಲೋಮೀಟರ್ ಮೇಲಿರುವ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿ ನಡೆಸಬಹುದಾಗಿತ್ತು. ಅಲ್ಲಿಂದಾಚೆಗೆ ಘಟ್ಟದ ಏರು. ಮಲೆನಾಡಿನ ಕಾಳುಮೆಣಸು ಘಟ್ಟವಿಳಿದು ಇಲ್ಲಿ ದೋಣಿ ಸೇರಿ, ಹೊಳೆಯ ಹರಿವಿನೊಡನೆ ಬಂದರಿಗೆ ಬರುತ್ತಿತ್ತು. ಹೊಳೆ ಮತ್ತು ಘಟ್ಟ ಸೇರುವ ಈ ಜಾಗವನ್ನು ಹಿಡಿದವರ ಕೈಯಲ್ಲಿ ಮೆಣಸಿನ ವ್ಯಾಪಾರವಿತ್ತು. ಗೇರುಸೊಪ್ಪೆಯ ಅರಸುಮನೆತನದ ಬಲವೂ ಅದೇ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅವಳಿಂದ ಮೆಣಸು ಕೊಳ್ಳಬೇಕಾಗಿದ್ದ ಅದೇ ಪೋರ್ಚುಗೀಸರು 1569ರಲ್ಲಿ ಹೊಳೆಯ ಬಾಯಲ್ಲಿದ್ದ ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿಕೊಂಡರೆಂಬುದನ್ನು ನೆನೆದರೆ, ಮೇಲಿನ ಪೇಟೆಗೂ ಕೆಳಗಿನ ಬಂದರಿಗೂ ನಡುವೆ ಇದ್ದ ಬಿಗುವು ಅರ್ಥವಾಗುತ್ತದೆ.

ಬಂದರಿನ ಸಿರಿ ಅದಕ್ಕೂ ಹಳೆಯದು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿದ್ದಾನೆ. ವಿಜಯನಗರಕ್ಕೆ ಸಮುದ್ರದಾಚೆಯಿಂದ ಬರುತ್ತಿದ್ದ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳದಂತೆ ಹೊನ್ನಾವರವೂ ಒಂದಾಗಿತ್ತು.

ಗೇರುಸೊಪ್ಪೆ ಕೆಳದಿಯ ನಾಯಕ ಅರಸರ ವಶವಾದ ಮೇಲೆ ಈ ಸಂಪತ್ತು ಬಹುಬೇಗ ಕರಗಿತು. 1623ರಲ್ಲಿ ಆ ಮನೆತನದ ರಾಜಧಾನಿ ಇಕ್ಕೇರಿಯಲ್ಲಿದ್ದ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇದೇ ಹೊಳೆಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋದನು. ಎರಡೂ ದಂಡೆಗಳ ಹಸಿರನ್ನು ಅವನು ಮನಸಾರೆ ಮೆಚ್ಚಿದ್ದಾನೆ. ಆದರೆ ರಾಣಿಯ ನಗರ ಅಷ್ಟರಲ್ಲೇ ಹಾಳುಬಿದ್ದು ಮರಗಿಡಗಳಿಂದ ಮುಚ್ಚಿಹೋಗಿತ್ತು. ಇಂದಿನ ಪ್ರವಾಸಿಯ ಕಣ್ಣಿಗೆ ಬೀಳುವ ಹಸಿರಿನ ಬಗೆಗೇ ಸುಮಾರು ನಾಲ್ಕು ಶತಮಾನಗಳ ಹಿಂದೆ ಒಬ್ಬ ಪರದೇಶಿ ಬರೆದಿಟ್ಟಿರುವಾಗ, ಅದನ್ನು ದೋಣಿಯಲ್ಲಿ ಎರಡು ಮಾತಿನಲ್ಲಾದರೂ ಹೇಳದಿರುವುದು ದೊಡ್ಡ ನಷ್ಟವೆಂದು ನನಗನ್ನಿಸುತ್ತದೆ.

ದೋಣಿ ನಡೆಸಿದ ಹಿರಿಯರಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಉಬ್ಬರದ ಹೊತ್ತು ಯಾವುದು, ಅಳಿವೆಯ ಮರಳುದಿಬ್ಬ ಯಾವ ಕಡೆಗೆ ಸರಿಯುತ್ತದೆ, ಯಾವ ದಂಡೆಯಲ್ಲಿ ಆಳ ಹೆಚ್ಚು ಎಂಬುದನ್ನೆಲ್ಲ ಕೇಳಿದಾಗ ಅವರು ಅಕ್ಕರೆಯಿಂದ ವಿವರಿಸಿದರು. ಹಾಯಿಯ ಹಡಗುಗಳು ಈ ಬಂದರನ್ನು ಹೊಕ್ಕು ಹೊರಡಲು ಬೇಕಾಗಿದ್ದದ್ದೂ ಇದೇ ಬಗೆಯ ಅರಿವು. ಸೇವೆ ನಡೆಸುವವರು ಅವರಿಂದ ಕೇಳಿ, ಊರಿನ ಇತಿಹಾಸ ಬಲ್ಲವರಿಂದ ತಿದ್ದಿಸಿ, ಕನ್ನಡದಲ್ಲಿ ಒಂದು ನಕಾಶೆಯನ್ನೂ ಕಿರುಹೊತ್ತಗೆಯನ್ನೂ ಸಿದ್ಧಪಡಿಸಿದರೆ ಅದಕ್ಕಾಗಿ ಇನ್ನಷ್ಟು ಹಣ ಕೊಡಲು ನಾನು ಸಿದ್ಧ.

ಹೋಗುವವರು ದರವನ್ನೂ ಸುತ್ತಾಟದ ಅವಧಿಯನ್ನೂ ಮೊದಲೇ ಮಾತನಾಡಿಕೊಳ್ಳಬೇಕು. ನಮ್ಮ ಮಟ್ಟಿಗೆ ಅವಧಿ ತುಸು ಕಡಿಮೆಯೇ ಆಯಿತು. ನೀರು ಇಳಿದಾಗ ಕಾಂಡ್ಲಾದ ಒಳದಾರಿಗಳಲ್ಲಿ ದೋಣಿ ಸಾಗುವುದು ಕಷ್ಟವಾದ್ದರಿಂದ ಉಬ್ಬರದ ಹೊತ್ತನ್ನು ಕೇಳಿಯೇ ಹೊರಡುವುದು ಲೇಸು. ಈ ದೋಣಿಗಳು ಗೇರುಸೊಪ್ಪೆಯವರೆಗೆ ಹೋಗುವುದಿಲ್ಲ. ಹಾಗಾಗಿ ಬೆಳಿಗ್ಗೆ ದೋಣಿವಿಹಾರ ಮುಗಿಸಿ, ಅದೇ ದಿನ ರಸ್ತೆಯ ಮೂಲಕ ಗೇರುಸೊಪ್ಪೆಯ ಹಳೆಯ ನಗರವಿದ್ದ ನಗರಬಸ್ತಿಕೇರಿಗೆ ಹೋಗಿ, ಕಾಡಿನ ನಡುವೆ ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿಬರಬೇಕೆಂದು ಒತ್ತಿ ಹೇಳುತ್ತೇನೆ.